ಹೆರಿಗೆ ಕೋಣೆಯೂ ರಬ್ಬರ್ ಗ್ಲೌಸೂ

ಗ್ಲೌಸು ಊದಿ ಕೋಳಿ ಮಾಡುವುದು ನನಗೆ ಚೆನ್ನಾಗಿ ಬರುತ್ತಿತ್ತು. ಬೆರಳುಗಳು ಮೇಲೆ ನಿಂತರೆ ಜುಟ್ಟು, ಕೆಳಗೆ ಗಂಟು ಹಾಕಿದರೆ ಕತ್ತು, ಪೆನ್ನಿನಿಂದ ಎರಡು ಕಣ್ಣು ಬರೆದರೆ ಕೋಳಿ. ಒಳಗೆ ತಾಯಿ ನೋವು ತಿನ್ನುತ್ತಿರುವಾಗ ಹೊರಗೆ ಅವಳ ಮೊದಲ ಕೂಸು ಅತ್ತು ಅತ್ತು ದವಾಖಾನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಆಯಾ ಆದವಳಿಗೆ ಇಷ್ಟಾದರೂ ಬರಬೇಕು.

ಅವತ್ತು ಬೆಳಿಗ್ಗೆಯೂ ಹಾಗೆಯೇ ಒಂದು ಕೋಳಿ ಊದಿದೆ. ಕೂಸು ನಕ್ಕಿತು. ನನ್ನ ತುಟಿ ಮಾತ್ರ ನನ್ನದಲ್ಲ ಅನ್ನಿಸತೊಡಗಿತು. ಮುಟ್ಟಿ ನೋಡಿದರೆ ವಡೆಯ ಹಾಗೆ ಊದಿದೆ. ಕುತ್ತಿಗೆಯಲ್ಲಿ, ತೋಳಿನಲ್ಲಿ ದದ್ದು ಎದ್ದವು. ಉಸಿರು ಎಳೆದರೆ ಎದೆಯಲ್ಲಿ ಸಿಳ್ಳೆ. ನಾನು ಮೇಜು ಹಿಡಿದು ನಿಂತದ್ದನ್ನು ಸಿಸ್ಟರ್ ನೋಡಿದಳು. ಅವಳು ರಾಯಚೂರು ಕಡೆಯವಳು, ಬಾಯಿ ದೊಡ್ಡದು.

"ಡಾಕ್ಟರಮ್ಮಾ, ಲಗೂನ ಬರ್ರಿ! ಆಯಮ್ಮನ ಮಾರಿ ಕುಂಬಳಕಾಯಿ ಆಗೈತಿ!"

ಡಾಕ್ಟರಮ್ಮ ಓಡಿ ಬಂದವರೇ ನನ್ನ ಬಾಯಿ ನೋಡಿದರು, ಕೈಯಲ್ಲಿದ್ದ ಕೋಳಿ ನೋಡಿದರು, ಅದನ್ನು ಕಿತ್ತು ಎಸೆದರು. ಆ ಹೊತ್ತಿಗೆ ಖಾಲಿಯಿದ್ದ, ಹೆರಿಗೆಯವರು ಮಲಗುವ ಮಂಚದ ಮೇಲೆ ನನ್ನನ್ನು ಮಲಗಿಸಿ, ಸೀರೆ ಸರಿಸಿ, ತೊಡೆಗೆ ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಎದೆ ಸಡಿಲವಾಯಿತು. ಕೈಕಾಲು ನಡುಗುತ್ತಿದ್ದವು, ಅದು ಮದ್ದಿನ ನಡುಕ ಅಂದರು. ನಾನು ಎದ್ದು ಕೂಡಲು ಹೋದೆ.

"ಮಲಗ್ರಿ ಆಯಿ. ಇವತ್ತ ನೀವು ಆಯಾ ಅಲ್ಲ, ಪೇಶಂಟ್."

ದಿಲ್‌ಸುಖ್‌ನಗರದ ದೊಡ್ಡ ರಸ್ತೆಯಿಂದ ಎರಡು ಗಲ್ಲಿ ಒಳಗೆ ಇರುವ ಸಣ್ಣ ಹೆರಿಗೆ ದವಾಖಾನೆ ಅದು. ಡಾಕ್ಟರಮ್ಮ ಕಲಬುರಗಿ ಕಡೆಯವರು, ಅದಕ್ಕೇ ಸಿಸ್ಟರ್ ಸೇರಿ ನಮ್ಮ ಮೂವರ ನಡುವೆ ಕನ್ನಡ. ಉಳಿದವರ ಜೊತೆ ತೆಲುಗು, ಹಿಂದಿ, ಯಾವುದು ಬಾಯಿಗೆ ಬಂದರೆ ಅದು. ನಾನು ಓದಿದ್ದು ನಾಲ್ಕನೆಯ ಇಯತ್ತೆ. ನನ್ನ ಗಂಡ ಸರಕಾರಿ ಕಚೇರಿಯಲ್ಲಿ ಜವಾನರಾಗಿದ್ದರು, ಅವರು ಹೋದ ಮೇಲೆ ಈ ಕೆಲಸಕ್ಕೆ ಸೇರಿದೆ. ಈಗ ಮಗ ದುಡಿಯುತ್ತಾನೆ, ಸೊಸೆ ಒಳ್ಳೆಯವಳು. ಆದರೂ ಕೆಲಸ ಬಿಟ್ಟಿಲ್ಲ. ನಾನೂ ಸೊಸೆಯೂ ಚೆನ್ನಾಗಿರುವುದಕ್ಕೆ ಕಾರಣ, ನಾನು ಹಗಲೆಲ್ಲ ಮನೆಯಲ್ಲಿ ಇರುವುದಿಲ್ಲ. ಇನ್ನೊಂದು ಕಾರಣ, ಈ ಕೆಲಸ ನನಗೆ ಬರುತ್ತದೆ. ಕೂಸನ್ನು ಕೈಗೆ ತೆಗೆದುಕೊಂಡು ಒರೆಸಿ, ಬಟ್ಟೆ ಸುತ್ತಿ, ತಾಯಿಯ ಮಗ್ಗುಲಿಗೆ ಹಾಕುವುದರಲ್ಲಿ ನನ್ನಷ್ಟು ಚುರುಕು ಆ ಗಲ್ಲಿಯಲ್ಲಿ ಯಾರೂ ಇಲ್ಲ. ಬೇರೆಯವರು ಹೇಳಲಿ ಅಂತ ಕಾಯುವುದು ನನ್ನಿಂದಾಗದು, ನಾನೇ ಹೇಳುತ್ತೇನೆ.

ಸಂಜೆ ಡಾಕ್ಟರಮ್ಮ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು. ಕೈ ಕೆರೆಯುತ್ತಿತ್ತೇ, ಸೀನು ಬರುತ್ತಿತ್ತೇ ಎಂದು ಒಂದೊಂದಾಗಿ ಕೇಳಿದರು. ಕೆರೆಯುತ್ತಿತ್ತು, ಫಿನಾಯಿಲಿನದು ಅಂದುಕೊಂಡಿದ್ದೆ. ಸೀನಂತೂ ಮೊದಲಿನಿಂದ ಇತ್ತು. ನಾನು ಸೇರಿದ ಕಾಲಕ್ಕೆ ಗ್ಲೌಸನ್ನು ಒಮ್ಮೆ ಹಾಕಿ ಎಸೆಯುತ್ತಿರಲಿಲ್ಲ. ತೊಳೆದು, ಹಗ್ಗದ ಮೇಲೆ ಒಣಗಿಸಿ, ತೂತು ಇದೆಯೋ ಎಂದು ಬಾಯಿಂದ ಊದಿ ನೋಡಿ, ಒಳಗೆ ಹೊರಗೆ ಪೌಡರು ಬಳಿದು, ಜೋಡಿ ಮಾಡಿ ಡ್ರಮ್ಮಿಗೆ ತುಂಬಿ ಉಗಿಗೆ ಇಡುತ್ತಿದ್ದೆವು. ಆ ಕೋಣೆಯಲ್ಲಿ ಕುಳಿತರೆ ಗಿರಣಿಯಲ್ಲಿ ಕುಳಿತ ಹಾಗೆ, ರೆಪ್ಪೆಯೂ ಬೆಳ್ಳಗೆ. ಸೀನದೆ ಏನು ಮಾಡುವುದು? ಮುಂದೆ ಒಮ್ಮೆ ಹಾಕಿ ಎಸೆಯುವ ಗ್ಲೌಸು ಬಂದವು, ತೊಳೆಯುವುದು ತಪ್ಪಿತು, ಸೀನು ತಪ್ಪಲಿಲ್ಲ. ಅದರಲ್ಲೂ ಪೌಡರು ಇತ್ತು.

"ಬಾಳೆಹಣ್ಣು ತಿಂತೀರೇನು?"

"ಬಿಟ್ಟೀನ್ರಿ. ತಿಂದ್ರ ಬಾಯಿ ನವಿ ಆಗತೈತಿ. ಈಗ ಮದ್ದು ಹಾಕಿ ಹಣ್ಣು ಮಾಡ್ತಾರಲ್ಲ, ಅದರದು."

"ಮದ್ದಿಂದಲ್ಲ ಆಯಿ. ಗ್ಲೌಸು ಮಾಡೂದು ರಬ್ಬರ್ ಮರದ ಹಾಲಿನಿಂದ. ಆ ಹಾಲು ನಿಮ್ಮ ಮೈಗೆ ಆಗವಲ್ದು. ಅದು ಆಗದವರಿಗೆ ಕೆಲವೊಮ್ಮೆ ಬಾಳೆಹಣ್ಣೂ ಆಗಂಗಿಲ್ಲ."

"ಇಷ್ಟ ವರ್ಷ ಆಗಿತ್ತಲ್ಲರಿ?"

"ದಿನಾ ಮುಟ್ಟಿ ಮುಟ್ಟಿ, ದಿನಾ ಆ ಪೌಡರ್ ಉಸಿರಾಡಿ ಮೈ ಸಿಟ್ಟಿಗೆದ್ದೈತಿ. ಇನ್ನ ಅದು ಸುಮ್ಮನಿರಂಗಿಲ್ಲ. ಮುಂದಿನ ಸಲ ಇದಕ್ಕಿಂತ ಜೋರು ಬರಬಹುದು."

ದೊಡ್ಡ ಆಸ್ಪತ್ರೆಗೆ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲೂ ಅದೇ ಬಂತು. ಇದಕ್ಕೆ ಗುಣವಾಗುವ ಮದ್ದು ಇಲ್ಲವಂತೆ, ದೂರ ಇರುವುದೇ ಮದ್ದು. ಡಾಕ್ಟರಮ್ಮ ಒಳ್ಳೆಯ ಮಾತಿನಲ್ಲಿ ಹೇಳಿದರು, ಇಷ್ಟು ದುಡಿದದ್ದು ಸಾಕು, ಮನೆಯಲ್ಲಿ ಮೊಮ್ಮಕ್ಕಳ ಜೊತೆ ಆರಾಮವಾಗಿ ಇರಿ ಎಂದು. ಆರಾಮ ಅನ್ನುವ ಮಾತು ಕೇಳಿಯೇ ನನಗೆ ಸಿಟ್ಟು ಬಂತು.

"ಡಾಕ್ಟರಮ್ಮಾರ, ನಿಮಗ ಇದು ಆಗಿದ್ರ ನೀವು ದವಾಖಾನಿ ಮುಚ್ಚಿ ಮನೀಗೆ ಹೋಗ್ತಿದ್ರೇನು?"

ಅವರು ನಕ್ಕರು.

"ಇಲ್ಲ. ಬ್ಯಾರೆ ಗ್ಲೌಸು ಹುಡುಕ್ತಿದ್ದೆ."

"ಹಂಗಾದ್ರ ಹುಡುಕ್ರಿ."

ಹುಡುಕುವುದೇನೂ ಇರಲಿಲ್ಲ. ಕೋಠಿ ಬಜಾರಿನ ಮದ್ದಿನ ಅಂಗಡಿಗಳಲ್ಲಿ ರಬ್ಬರ್ ಅಲ್ಲದ ನೀಲಿ ಗ್ಲೌಸು ಸಿಗುತ್ತವೆ, ಪೌಡರೂ ಇಲ್ಲ. ನನಗಾಗಿ ಒಂದು ಡಬ್ಬಿ ತರಿಸಿದರು. ಕೈ ತುರಿಕೆ ನಿಂತಿತು. ಆದರೆ ಹೆರಿಗೆ ಕೋಣೆಗೆ ಹೋದರೆ ಕಣ್ಣು ಕೆಂಪಗೆ, ಕೆಮ್ಮು. ನನ್ನ ಕೈಯಲ್ಲಿ ನೀಲಿ ಇದ್ದರೇನು, ಸಿಸ್ಟರ್ ಕೈಯಲ್ಲಿ ಬಿಳಿಯದಿತ್ತು. ಅವಳು ಅದನ್ನು ಎಳೆದು ಪಟ್ ಎಂದು ಬಿಟ್ಟರೆ ಪೌಡರು ಗಾಳಿಯಲ್ಲಿ ಎದ್ದು ಬಂದು ನನ್ನ ಮೂಗು ಸೇರುತ್ತಿತ್ತು. ಪೌಡರಿನ ಬೆನ್ನೇರಿ ರಬ್ಬರಿನ ಅಂಶವೂ ಬರುತ್ತದಂತೆ.

ಹಾಗಾದರೆ ಎಲ್ಲರದೂ ಬದಲಾಗಬೇಕು ಅಂದರು ಡಾಕ್ಟರಮ್ಮ. ಕೋಠಿಗೆ ಹೋಗಿ ಸಾಮಾನು ತರುವವರು ಅವರ ಯಜಮಾನರು. ಅವರಿಗೆ ಸರಿ ಬರಲಿಲ್ಲ. ನಾನು ಬಾಗಿಲ ಹೊರಗೆ ನೆಲ ಒರೆಸುತ್ತಿದ್ದೆ, ಮಾತು ಪೂರ್ತಿ ಕೇಳಿತು.

"ಒಬ್ಬ ಆಯಾನ ಸಲುವಾಗಿ ಇಡೀ ದವಾಖಾನಿ ಗ್ಲೌಸ್ ಬದಲ್ ಮಾಡೂದಾ?"

"ಆಯಾಗ ಆಗಿದ್ದು ನಾಳೆ ಸಿಸ್ಟರ್‌ಗ ಆಗಬಹುದು, ನನಗೂ ಆಗಬಹುದು. ನಾನು ಮೇಜಿನ ಮ್ಯಾಲೆ ಪೇಶಂಟ್ ಮಲಗಿಸಿಕೊಂಡು ತುಟಿ ಊದಿಸಿಕೊಂಡು ನಿಂತ್ರ ನೀವು ಬಂದು ಹೊಲಿಗಿ ಹಾಕ್ತೀರೇನು?"

ಯಜಮಾನರು ಮಾರನೆಯ ದಿನವೇ ಸ್ಕೂಟರಿನ ಹಿಂದೆ ಡಬ್ಬಿಗಳನ್ನು ಕಟ್ಟಿಕೊಂಡು ಬಂದರು. ಹೊಲಿಗೆಯ ಮಾತಿಗೆ ಹೆದರಿದರೋ, ಹೆಂಡತಿಗೆ ಹೆದರಿದರೋ ಗೊತ್ತಿಲ್ಲ.

ಹೆರಿಗೆ ಕೋಣೆಯನ್ನು ಮೇಲಿಂದ ಕೆಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರು, ಫ್ಯಾನಿನ ರೆಕ್ಕೆ ಸಮೇತ. ಆ ಕೆಲಸಕ್ಕೆ ನನ್ನನ್ನು ಬಿಡಲಿಲ್ಲ. ರಕ್ತ ತೆಗೆಯುವಾಗ ತೋಳಿಗೆ ಬಿಗಿಯುವ ರಬ್ಬರ್ ಕೊಳವೆಯನ್ನೂ ಬದಲಾಯಿಸಿದರು. ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಕೆಮ್ಮು ಹೋಯಿತು. ಆದರೆ ಕುತ್ತಿಗೆಯ ಹಿಂಭಾಗ ಮತ್ತು ಕಿವಿಯ ಹಿಂದೆ ದದ್ದು ಏಳುವುದು ನಿಲ್ಲಲಿಲ್ಲ. ಡಾಕ್ಟರಮ್ಮನಿಗೂ ತಿಳಿಯದಾಯಿತು. ಎಣ್ಣೆ ಬದಲಿಸಿದೆ, ಸೋಪು ಬದಲಿಸಿದೆ. ಸೊಸೆ ತನ್ನ ಶಾಂಪೂ ಕೊಟ್ಟಳು, ಅದನ್ನೂ ಹಾಕಿದೆ, ಮೂರು ದಿನ ಮೈಯೆಲ್ಲ ಹೂವಿನಂಗಡಿಯ ವಾಸನೆ. ದದ್ದು ಅಲ್ಲೇ.

ಒಂದು ಮಧ್ಯಾಹ್ನ ನಾನು ಕುಳಿತು ಊಟ ಮಾಡುತ್ತಿದ್ದಾಗ ಹಿಂದಿನಿಂದ ಸಿಸ್ಟರ್ ಜೋರಾಗಿ ನಕ್ಕಳು.

"ಆಯಮ್ಮಾ, ನಿನ್ನ ತುರುಬಿಗೆ ಏನ ಕಟ್ಟಿ?"

ಕೈ ಹಾಕಿ ನೋಡಿದೆ. ಗ್ಲೌಸಿನ ಉಂಗುರ.

ದವಾಖಾನೆಯಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಹಾಕುವಾಗಲೇ ಹರಿದ ಗ್ಲೌಸನ್ನು ನಾವು ಹಾಗೇ ಎಸೆಯುವುದಿಲ್ಲ. ಅದರ ಬಾಯಿಯ ದಪ್ಪ ಅಂಚನ್ನು ಕತ್ತರಿಸಿದರೆ ಒಳ್ಳೆಯ ರಬ್ಬರ್ ಬ್ಯಾಂಡು. ಕೂದಲು ಕಟ್ಟಲು ಅದರಂಥದ್ದು ಇನ್ನೊಂದಿಲ್ಲ, ಕೂದಲು ಕೀಳುವುದಿಲ್ಲ, ಬೇಗ ಹರಿಯುವುದಿಲ್ಲ. ನಾನು ಬೇರೆ ಬ್ಯಾಂಡು ಕೊಂಡದ್ದೇ ಇಲ್ಲ. ಗ್ಲೌಸು ಬದಲಾದರೂ ತಲೆಯ ಮೇಲಿನದು ಬದಲಾಗಿರಲಿಲ್ಲ. ನನ್ನ ಊಟದ ಡಬ್ಬಿಯ ಮುಚ್ಚಳಕ್ಕೂ ಅದೇ ಕಟ್ಟಿತ್ತು. ಮನೆಗೆ ಹೋಗಿ ನೋಡಿದರೆ ಹಾಲಿನ ಪಾಕೀಟಿಗೆ, ಹುಣಸೆಹಣ್ಣಿನ ಚೀಲಕ್ಕೆ, ಮೊಮ್ಮಗಳ ಬಣ್ಣದ ಪೆನ್ಸಿಲುಗಳಿಗೆ. ಎಲ್ಲ ನಾನೇ ವರ್ಷಗಟ್ಟಲೆ ಒಯ್ದದ್ದು. ಸೊಸೆಯ ಕೈಯಲ್ಲಿ ಒಂದು ಚೀಲ ಕೊಟ್ಟು ಎಲ್ಲ ತುಂಬಿಸಿದೆ. ತುಂಬಿಸುತ್ತ ಅವಳು ಕೇಳಿದಳು, "ಅತ್ತಿ, ನೀವು ದವಾಖಾನ್ಯಾಗ ಹೆರಿಗಿ ಮಾಡಸ್ತಿದ್ರೋ, ರಬ್ಬರ್ ಬ್ಯಾಂಡ್ ಕಾರಖಾನೆ ನಡಸ್ತಿದ್ರೋ?"

ತುರುಬಿಗೆ ಬಟ್ಟೆಯ ರಿಬ್ಬನ್ ಬಂತು, ಕುತ್ತಿಗೆ ತಣ್ಣಗಾಯಿತು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಲೂನು ಬೇಡವೆಂದು ಕಾಗದದ ಮಾಲೆ ಕಟ್ಟಿದರು. ಅವಳು ಬಂದ ಮಕ್ಕಳಿಗೆಲ್ಲ "ನಮ್ಮ ಅಜ್ಜಿ ಹಾವಿಗೆ ಹೆದರಂಗಿಲ್ಲ, ಬಲೂನಿಗೆ ಹೆದರ್ತಾಳ" ಎಂದು ಹೇಳಿಕೊಂಡು ತಿರುಗಿದಳು. ಹೇಳಲಿ, ನಿಜವೇ. ಹಲ್ಲು ಕೀಳಿಸಲು ಹೋದಾಗ ಡಾಕ್ಟರು ಬಾಯಿ ತೆರೆಯಿರಿ ಅನ್ನುವ ಮೊದಲೇ ನಾನು, ರಬ್ಬರ್ ಗ್ಲೌಸು ಬೇಡ, ಇಲ್ಲದಿದ್ದರೆ ಬಾಯಿ ತೆರೆಯುವುದಿಲ್ಲ ಎಂದೆ. ಇಂಥದರಲ್ಲಿ ನಾಚಿಕೆ ಪಟ್ಟವರು ಕೆಡುತ್ತಾರೆ.

ಡಾಕ್ಟರಮ್ಮ ಮಾತ್ರ ಒಂದು ಷರತ್ತು ಹಾಕಿದರು. ನನ್ನ ಸೂಜಿಮದ್ದನ್ನು ಸಿಸ್ಟರ್ ಮೇಜಿನ ಡ್ರಾಯರಿನಲ್ಲಿ ಇಟ್ಟು, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು.

"ಹೊರಗಿಂದ ಬರೋ ಡಾಕ್ಟರು, ಪೇಶಂಟಿನ ಮಂದಿ, ಯಾರ ಕೈಯಾಗರ ರಬ್ಬರ್ ಕಂಡ್ರ ಒಂದು ಮಾತು ಹೇಳ್ರಿ. ಕೇಳದಿದ್ರ ಜಗಳಕ್ಕ ನಿಲ್ಲಬ್ಯಾಡ್ರಿ, ಹೊರಗ ನಡೀರಿ. ಒಳಗ ಯಾರರ ಒದರಲಿ, ಸೆರಗ ಹಿಡಿದು ಜಗ್ಗಲಿ, ನಿಲ್ಲಬಾರದು. ನಿಂತ್ರಿ ಅಂದ್ರ ಮರುದಿನದಿಂದ ಕೆಲಸಕ್ಕ ಬರಬ್ಯಾಡ್ರಿ. ನನ್ನ ದವಾಖಾನ್ಯಾಗ ನೀವು ಜೀವ ಬಿಡೂದು ನಾ ನೋಡಾಂಗಿಲ್ಲ."

ಆಗಲಿ ಎಂದೆ. ಹೇಳುವುದು ಸುಲಭ. ಹೆರಿಗೆಯ ಹೊತ್ತಿಗೆ ಕೋಣೆ ಬಿಟ್ಟು ನಾನು ಯಾವತ್ತೂ ಹೊರಗೆ ಬಂದವಳಲ್ಲ. ಡಾಕ್ಟರಮ್ಮನಿಗೂ ಅದು ಗೊತ್ತಿತ್ತು. ಅವರು ನನ್ನ ಮುಖ ನೋಡಿದ ರೀತಿಯಲ್ಲೇ ತಿಳಿಯಿತು, ಈಕೆ ಹೋಗುವವಳಲ್ಲ, ಇವತ್ತಲ್ಲ ನಾಳೆ ಮನೆಗೆ ಕಳಿಸಬೇಕಾಗುತ್ತದೆ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಅದಾಗಿ ಕೆಲವು ತಿಂಗಳಿಗೆ ಮೈಸೂರು ಕಡೆಯ ಹುಡುಗಿಯೊಬ್ಬಳು ಚೊಚ್ಚಲ ಹೆರಿಗೆಗೆ ಬಂದಳು. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕೆಲಸದವರು. ದಿನ ತುಂಬುವ ಮೊದಲೇ ನೋವು ಬಂದಿತ್ತು, ಅವಳ ತಾಯಿ ಇನ್ನೂ ರೈಲಿನಲ್ಲಿದ್ದಳು. ಒಳಗೆ ಕನ್ನಡ ಮಾತಾಡುವ ಮುದುಕಿ ಇದ್ದಾಳೆ ಎಂದು ತಿಳಿದದ್ದೇ ಹುಡುಗಿ ನನ್ನ ಕೈ ಹಿಡಿದಳು, ಬಿಡಲಿಲ್ಲ.

"ಅಜ್ಜಿ, ಇನ್ನೂ ಎಷ್ಟು ಹೊತ್ತು?"

"ಅದು ನಿನ್ನ ಕೂಸಿಗೆ ಗೊತ್ತು. ನೀ ಒದರೂದು ಬಿಟ್ಟು ಉಸಿರು ಹಿಡಿದು ತಿಣುಕು."

"ತಿಣುಕು ಅಂದ್ರೆ?"

"ಮುಕ್ಕುರಿ! ನಿಮ್ಮ ಮೈಸೂರಾಗ ಮಕ್ಕಳು ಹೆಂಗ ಹುಟ್ತಾವು?"

ಆ ನೋವಿನಲ್ಲೂ ಅವಳಿಗೆ ನಗು ಬಂತು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರಮ್ಮ ಮಕ್ಕಳ ಡಾಕ್ಟರಿಗೆ ಫೋನು ಮಾಡಿಸಿದರು, ಕೂಸು ಹೊರಗೆ ಬಂದ ಕ್ಷಣಕ್ಕೆ ನೋಡಲು ಅವರು ಇರಬೇಕು. ಯಾವಾಗಲೂ ಬರುವವರು ಊರಲ್ಲಿ ಇರಲಿಲ್ಲ, ಬೇರೆಯವರು ಬಂದರು. ಓಡಿಕೊಂಡೇ ಬಂದರು, ಕೈ ತೊಳೆದರು. ಬಾಗಿಲ ಪಕ್ಕದಲ್ಲೇ ಇದ್ದ ನಮ್ಮ ಡಬ್ಬಿ ನೋಡಲಿಲ್ಲ. ತಮ್ಮ ಚೀಲದಿಂದ ಪಾಕೀಟು ತೆಗೆದು ಹರಿದು, ಗ್ಲೌಸು ಏರಿಸಿ ಪಟ್ ಎಂದು ಬಿಟ್ಟರು. ಬಿಳಿ ಪೌಡರು ದೀಪದ ಬೆಳಕಿನಲ್ಲಿ ತೇಲಿತು.

"ಸಾಬ್, ವೋ ಗ್ಲೌಸ್ ನಕ್ಕೋ. ಇಧರ್ ಕೇ ಲೇಲೋ," ಎಂದೆ. ಅದು ಬೇಡ, ಇಲ್ಲಿಯದು ಹಾಕಿಕೊಳ್ಳಿ ಎಂದು.

"ಅಮ್ಮಾ, ಅಭೀ ಬಚ್ಚಾ ದೇಖೂಂ ಕಿ ಗ್ಲೌಸ್ ದೇಖೂಂ?"

ಕೂಸು ನೋಡಲೋ ಗ್ಲೌಸು ನೋಡಲೋ ಅಂದರು, ಅವರದೂ ತಪ್ಪಿಲ್ಲ. ಕೂಸಿನ ತಲೆ ಕಾಣಿಸುತ್ತಿತ್ತು. ಡಾಕ್ಟರಮ್ಮನ ಕಣ್ಣು ಅಲ್ಲಿಂದ ಮೇಲೆ ಏಳಲಿಲ್ಲ, ಏಳಬಾರದು ಕೂಡ. ನನ್ನ ಗಂಟಲಲ್ಲಿ ಮುಳ್ಳು ಆಡಿದ ಹಾಗಾಯಿತು. ಒಂದು ಮಾತು ಹೇಳಿಯಾಗಿತ್ತು. ಇನ್ನು ಉಳಿದದ್ದು ಹೊರಗೆ ಹೋಗುವುದು.

ಹುಡುಗಿಯ ಬೆರಳುಗಳನ್ನು ನನ್ನ ಕೈಯಿಂದ ಬಿಡಿಸಿದೆ.

"ಅಜ್ಜಿ! ಎಲ್ಲಿಗೆ ಹೋಗ್ತಿದೀರಾ? ಹೋಗ್ಬೇಡಿ!"

"ನನಗ ಇಲ್ಲಿ ನಿಲ್ಲಾಕ ಆಗಂಗಿಲ್ಲ. ನಿನ್ನ ಕೈ ಹಿಡಿಯಾಕ ಬ್ಯಾರೆಯವರನ್ನ ಕಳಸ್ತೀನಿ. ನೀ ಕೆಲಸ ನಿಲ್ಲಸಬ್ಯಾಡ."

ಹೊರಗೆ ಬಾಗಿಲ ಎದುರೇ ಅವಳ ಗಂಡ ನಿಂತಿದ್ದ, ಒಂದು ಕೈಯಲ್ಲಿ ಅವಳ ಫೋನು, ಇನ್ನೊಂದರಲ್ಲಿ ತನ್ನದು. ನಮ್ಮಲ್ಲಿ ಗಂಡಸರನ್ನು ಒಳಗೆ ಬಿಡುವ ಪದ್ಧತಿ ಇರಲಿಲ್ಲ. ಪದ್ಧತಿ ನೋಡುವ ಹೊತ್ತು ಅದಲ್ಲ.

"ಏ ತಮ್ಮಾ, ಚಪ್ಪಲಿ ಬಿಡು, ಕೈ ತೊಳಿ, ಈ ಗೌನು ಹಾಕ್ಕೋ, ಒಳಗ ನಡಿ. ಆಕಿ ಕೈ ಹಿಡಿ."

"ಅಜ್ಜಿ, ನನಗೆ ರಕ್ತ ನೋಡಿದ್ರೆ ತಲೆ ಸುತ್ತುತ್ತೆ..."

"ರಕ್ತ ಯಾಕ ನೋಡ್ತಿ? ಆಕಿ ಮಾರಿ ನೋಡು."

ಬೆನ್ನಿಗೆ ಕೈಯಿಟ್ಟು ದಬ್ಬಿದೆ. ಬಾಗಿಲು ಮುಚ್ಚಿತು. ನಾನು ಪಡಸಾಲೆಯ ಕೊನೆಯ ಕಿಟಕಿ ತೆರೆದು, ಗಾಳಿಗೆ ಮುಖ ಒಡ್ಡಿ ಕುಳಿತೆ. ಮೇಲಿಂದ ಮೇಲೆ ಸೀನು. ಮಣಿಕಟ್ಟಿನಲ್ಲಿ ಒಂದೆರಡು ದದ್ದು. ಡಾಕ್ಟರಮ್ಮ ಕೊಟ್ಟಿದ್ದ ಗುಳಿಗೆ ಸೆರಗಿನ ತುದಿಯಲ್ಲೇ ಇತ್ತು, ನುಂಗಿದೆ. ಹೊರರೋಗಿಗಳ ಕಡೆಯ ಸಣ್ಣ ಸಿಸ್ಟರನ್ನು ಕರೆದು ಹೇಳಿದೆ, ಉಸಿರು ಸಿಳ್ಳೆ ಹಾಕಿದರೆ ಡ್ರಾಯರಿನ ಸೂಜಿ ಹಾಕು ಎಂದು. ಅವಳು ಸೂಜಿ ಕೈಯಲ್ಲಿ ಹಿಡಿದು ನನ್ನ ಎದುರೇ ನಿಂತಳು. ಸಿಳ್ಳೆ ಬರಲಿಲ್ಲ. ಒಳಗೆ ಹುಡುಗಿಯ ಕೂಗು, ಡಾಕ್ಟರಮ್ಮನ ಗದರಿಕೆ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತು ಉದ್ದವಾಗಿತ್ತು. ಒಳಗಿದ್ದಾಗ ಅದು ಗೊತ್ತಾಗುವುದಿಲ್ಲ, ಕೈಗೆ ಕೆಲಸ ಇರುತ್ತದೆ. ಕೊನೆಗೆ ಕೂಸು ಅತ್ತಿತು, ಸಿಟ್ಟಿನ ಅಳು, ಒಳ್ಳೆಯ ಅಳು.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು ನನ್ನ ಎದೆಗೆ ಸ್ಟೆತಸ್ಕೋಪು ಇಟ್ಟು ಉಸಿರು ಕೇಳಿದರು. ಆಮೇಲೆ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತರು.

"ಹೊರಗ ಬಂದ್ರಲ್ಲ ಆಯಿ."

"ನೀವ ಹೇಳಿದ್ರಲ್ಲ."

"ಹೇಳಿದ್ದೆ. ನೀವು ಕೇಳ್ತೀರಿ ಅಂತ ಅನ್ಕೊಂಡಿರಲಿಲ್ಲ."

"ನಾ ಒಳಗ ಬಿದ್ದಿದ್ರ ನೀವು ಆಕೀನ್ನ ನೋಡ್ತಿದ್ರೋ, ನನ್ನ ನೋಡ್ತಿದ್ರೋ? ಇರೂದು ಒಂದ ಮಂಚ."

ಅವರು ನಕ್ಕರು. ಎದ್ದು ಹೋಗುತ್ತ ಸಿಸ್ಟರ್‌ಗೆ ಹೇಳಿದರು, ಕೋಣೆ ಪೂರ್ತಿ ಒದ್ದೆ ಬಟ್ಟೆಯಲ್ಲಿ ಒರೆಸು, ಒರೆಸುವ ತನಕ ಆಯಿಯನ್ನು ಒಳಗೆ ಬಿಡಬೇಡ, ನಾಳೆ ಬೆಳಿಗ್ಗೆ ಸಿಸೇರಿಯನ್ ಇದೆ, ಕೂಸು ತೆಗೆದುಕೊಳ್ಳಲು ಆಯಿಯೇ ಇರಬೇಕು. ನನ್ನ ಕೆಲಸ ಉಳಿದಿದೆ ಎಂದು ನನಗೆ ಬೇರೆಯಾಗಿ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಸಂಜೆ ವಾರ್ಡಿನಲ್ಲಿ ಹುಡುಗಿ ನನ್ನನ್ನು ಕಂಡು ಮುಖ ತಿರುಗಿಸಿದಳು.

"ನೀವು ಕೈ ಬಿಟ್ಟು ಹೋದ್ರಿ."

"ಹೋದೆ. ಗಂಡನ ಕೈ ಕೊಟ್ಟು ಹೋದೆನಲ್ಲ?"

"ಅವರ ಕೈ ನನಗಿಂತ ಜಾಸ್ತಿ ನಡುಗ್ತಿತ್ತು ಅಜ್ಜಿ. ಕೊನೆಗೆ ನಾನೇ ಅವರಿಗೆ ಧೈರ್ಯ ಹೇಳಬೇಕಾಯ್ತು."

"ಅದಕ್ಕ ನಿನಗ ನೋವು ಮರತೈತಿ. ಕೂಸು ಕೊಡಿಲ್ಲಿ, ಬಟ್ಟಿ ಸಡಿಲ ಸುತ್ಯಾರ."

ಯಾಕೆ ಹೋದೆ ಎಂದು ಅವಳಿಗೆ ಬಿಡಿಸಿ ಹೇಳಿದೆ. ಗಂಡನೂ ಕೇಳಿಸಿಕೊಂಡ, ಫೋನಿನಲ್ಲಿ ಏನೋ ಓದಿ ಹೌದು ಹೌದು ಎಂದು ತಲೆ ಆಡಿಸಿದ. ನಾನು ಕೂಸಿಗೆ ಬಟ್ಟೆ ಬಿಗಿಯಾಗಿ ಸುತ್ತಿ ಕೊಟ್ಟೆ.

ಹತ್ತು ಹದಿನೈದು ದಿನ ಕಳೆದ ಮೇಲೆ ಇನ್ನೊಂದು ಹೆರಿಗೆಗೆ ಅದೇ ಮಕ್ಕಳ ಡಾಕ್ಟರನ್ನು ಕರೆಸಿದರು. ಡಾಕ್ಟರಮ್ಮ ಅವರಿಗೆ ಫೋನಿನಲ್ಲಿ ಏನು ಹೇಳಿದ್ದರೋ ನಾನು ಕೇಳಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಚೀಲವನ್ನು ಹೊರಗಿನ ಬೆಂಚಿನ ಮೇಲೇ ಬಿಟ್ಟರು, ಮೊಣಕೈ ತನಕ ಕೈ ತೊಳೆದು, ನೀರು ಸೋರುವ ಎರಡೂ ಕೈ ಮೇಲೆತ್ತಿ ನನ್ನ ಎದುರು ನಿಂತರು.

"ಹಾಂ ಅಮ್ಮಾ, ಕೌನ್ಸಾ ಪೆಹೆನೂಂ?"

ಯಾವುದು ಹಾಕಲಿ ಎಂದು ನನ್ನನ್ನೇ ಕೇಳುತ್ತಿದ್ದಾರೆ. ಅವರ ಕೈ ನೋಡಿ ಅಳತೆಯ ಪಾಕೀಟು ಆರಿಸಿ, ಒಳಗಿನದಕ್ಕೆ ಕೈ ತಾಗದ ಹಾಗೆ ಬಿಚ್ಚಿ ಹಿಡಿದೆ. ಹಾಕಿಕೊಂಡರು. ಒಳಗೆ ಇಬ್ಬರೂ ಒಟ್ಟಿಗೇ ಹೋದೆವು.